ದ್ವೀಪದ ರೆಸಾರ್ಟಿನಿಂದ ಗದ್ದಲದ ನಗರಕ್ಕೆ: ಯಾವ ಜೋಡಿ, ಯಾವ ದಾರಿ?

ಚೆನ್ನೈ ವಿಮಾನ ನಿಲ್ದಾಣದಿಂದ ಹೊರಗೆ ಬಂದು ಐದು ನಿಮಿಷವೂ ಆಗಿರಲಿಲ್ಲ. ಅವ್ವ ಸೂಟ್‌ಕೇಸಿನ ಮೇಲೆ ಕುಳಿತು ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡಳು. "ಏನಪಾ ಇದು ಗದ್ಲಾ! ನನ್ನ ವಾಪಸ್ ಅಲ್ಲೇ ಬಿಟ್ಟು ಬಾ" ಅಂದಳು. "ಅಲ್ಲೇ" ಅಂದರೆ ಅಂಡಮಾನಿನ ಹ್ಯಾವ್‌ಲಾಕ್. ಅಲ್ಲಿ ಐದು ದಿನ ಅವಳ ಕಿವಿಗೆ ಬಿದ್ದದ್ದು ಸಮುದ್ರದ ಸಪ್ಪಳ, ಮತ್ತೆ ರೆಸಾರ್ಟಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸಪ್ಪಳ. ಅಷ್ಟೇ.

ಅವತ್ತು ರಾತ್ರಿ ಉಳಿದದ್ದು ಟಿ. ನಗರದಲ್ಲಿ, ಬಸ್ಸು ಓಡಾಡುವ ರಸ್ತೆಗೇ ಮುಖ ಮಾಡಿದ ಒಂದು ಲಾಡ್ಜಿನಲ್ಲಿ. ಸೀರೆ ಅಂಗಡಿ ಹತ್ತಿರ ಅಂತ ನಾನೇ ಆರಿಸಿದ್ದೆ. ಅವ್ವ ರಾತ್ರಿಯಿಡೀ ಮಗ್ಗುಲು ಬದಲಿಸಿದಳು. ಮರುದಿನ ಒಂದು ಸೀರೆಯನ್ನೂ ಬಿಚ್ಚಿ ನೋಡಲಿಲ್ಲ. ಐದು ದಿನ ಕೂಡಿಟ್ಟ ಆರಾಮು ಒಂದೇ ರಾತ್ರಿಯಲ್ಲಿ ಖರ್ಚಾಗಿ ಹೋಯಿತು.

ಈಗ ಹಾವೇರಿಯಿಂದ ಅಕ್ಕನ ಮಗಳ ಫೋನು. ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ. "ಮಾಮಾ, ನಾಲ್ಕ್ ದಿನ ಸಮುದ್ರ, ಮೂರ್ ದಿನ ಸಿಟಿ ಅಂತ ಮಾಡೀವಿ. ಯಾವ ಸಮುದ್ರ, ಯಾವ ಸಿಟಿ, ನೀನ ಹೇಳು." ಅವಳಿಗೆ ಹೇಳಿದ್ದನ್ನೇ ತುಸು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಹ್ಯಾವ್‌ಲಾಕ್ ಮತ್ತು ಥಾಯ್ಲೆಂಡಿನ ಸಮುಯಿ, ಇವೆರಡಕ್ಕೂ ಚೀಟಿ ಎತ್ತಿದ ದುಡ್ಡಿನಲ್ಲಿ ನಾನೇ ಹೋಗಿ ಬಂದಿದ್ದೇನೆ. ಉಳಿದ ಕಡೆಗೆ ನೆಂಟರು, ಗೆಳೆಯರು ಹೋಗುವಾಗ ಟಿಕೆಟ್, ರೂಮು ಎಲ್ಲಾ ಕೂತು ಹೊಂದಿಸಿ ಕೊಟ್ಟವನು ನಾನು. ಅವರು ಬಂದು ಹೇಳಿದ್ದನ್ನು ಕೇಳಿಸಿಕೊಂಡವನೂ ನಾನೇ.

ನನ್ನ ಮಾತು ಇಷ್ಟು: ಬೀಚಿನ ಫೋಟೊ ನೋಡಿ ದ್ವೀಪ ಆರಿಸಬೇಡಿ. ಫೋಟೊದಲ್ಲಿ ಎಲ್ಲಾ ಬೀಚೂ ಒಂದೇ ಥರ ಇರುತ್ತವೆ. ದ್ವೀಪ ಬಿಟ್ಟು ನಗರ ಮುಟ್ಟುವ ಆ ಒಂದು ದಿನ ಹೇಗಿರುತ್ತದೆ, ಅದನ್ನು ನೋಡಿ ಆರಿಸಿ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ನನ್ನ ಮನೆ ಧಾರವಾಡದಲ್ಲಿ. ಕೆಲಸ ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ, ಹೋಲ್‌ಸೇಲ್ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು. ದಿನಾ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು. ಹತ್ತುವಾಗ ಊರು ಇನ್ನೂ ಆಕಳಿಸುತ್ತಿರುತ್ತದೆ. ನವನಗರ ದಾಟಿ ಉಣಕಲ್ ಕೆರೆ ಕಾಣುವಷ್ಟರಲ್ಲಿ ಕಣ್ಣು ಪೂರ್ತಿ ತೆರೆದಿರುತ್ತದೆ. ವಿದ್ಯಾನಗರ, ಹೊಸೂರು ಬಂತೆಂದರೆ ಕಿವಿ ಹಾರ್ನಿಗೆ ಒಗ್ಗಿರುತ್ತದೆ. ಅದೇ ನನ್ನನ್ನು ಹಾಸಿಗೆಯಿಂದ ಎತ್ತಿ ನೇರವಾಗಿ ದುರ್ಗದಬೈಲಿನ ಸಂಜೆಯ ಗದ್ದಲದಲ್ಲಿ ಬಿಟ್ಟರೆ? ನಾನೂ ಕಿವಿ ಮುಚ್ಚಿಕೊಳ್ಳುತ್ತೇನೆ. ಇಪ್ಪತ್ತು ಚಿಲ್ಲರೆ ಕಿಲೋಮೀಟರಿನ ಆ ದಾರಿ ಇದೆಯಲ್ಲ, ಅದು ಮನುಷ್ಯನನ್ನು ಸ್ವಲ್ಪ ಸ್ವಲ್ಪವಾಗಿ ಹುಬ್ಬಳ್ಳಿಯವನನ್ನಾಗಿ ಮಾಡುತ್ತದೆ. ದ್ವೀಪದಿಂದ ನಗರಕ್ಕೆ ಹೋಗುವವರೂ ಹುಡುಕಬೇಕಾದ್ದು ಅಂಥ ದಾರಿಯನ್ನೇ.

ಮೊದಲು ಸಮುದ್ರವೋ, ಮೊದಲು ಸಿಟಿಯೋ

ಹೆಚ್ಚಿನವರು ಮೊದಲು ಸಿಟಿ ಸುತ್ತಿ ದಣಿದು, ಕೊನೆಗೆ ದ್ವೀಪದಲ್ಲಿ ಮಲಗೋಣ ಅಂತ ಯೋಚಿಸುತ್ತಾರೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಸಮುದ್ರಕ್ಕೆ ಗಡಿಯಾರ ಗೊತ್ತಿಲ್ಲ.

ಅವ್ವನನ್ನು ಕರೆದುಕೊಂಡು ಹೋದಾಗ ಟಿಕೆಟ್ ಮಾಡಿಕೊಟ್ಟವರು ಬೆಳಗ್ಗೆ ಹ್ಯಾವ್‌ಲಾಕಿನಿಂದ ಹಡಗು, ಮಧ್ಯಾಹ್ನವೇ ಪೋರ್ಟ್ ಬ್ಲೇರ್‌ನಿಂದ ವಿಮಾನ ಅಂತ ಹೊಂದಿಸಿದ್ದರು. ಕಾಗದದ ಮೇಲೆ ಮೂರು ಗಂಟೆ ಬಿಡುವು ಇತ್ತು. ಅವತ್ತು ಬೆಳಗ್ಗೆ ಗಾಳಿ ಎದ್ದಿತು. ಹಡಗು ರದ್ದು. ಜೆಟ್ಟಿಯಲ್ಲಿ ನೂರಾರು ಜನ ಬ್ಯಾಗಿನ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹಡಗಿನ ದುಡ್ಡು ವಾಪಸ್ ಬಂತು, ವಿಮಾನದ್ದು ಬರಲಿಲ್ಲ. ಮರುದಿನ ಹೊಸ ಟಿಕೆಟ್ ತೆಗೆದು ಹೊರಟೆವು. ನಮಗೆ ಹೋದದ್ದು ಚೆನ್ನೈನ ಒಂದು ದಿನ. ದ್ವೀಪವೇ ಕೊನೆಯದಾಗಿದ್ದರೆ ಊರಿಗೆ ಬರುವ ವಿಮಾನ, ಬೆಂಗಳೂರಿನಿಂದ ರೈಲು, ಸೋಮವಾರದ ಕೆಲಸ ಎಲ್ಲಾ ಸಾಲಾಗಿ ಬೀಳುತ್ತಿದ್ದವು.

ಹಾಗಾಗಿ ಮೊದಲು ದ್ವೀಪ, ಆಮೇಲೆ ನಗರ. ನಗರದಲ್ಲಿ ಕನಿಷ್ಠ ಎರಡು ರಾತ್ರಿ. ಖರೀದಿಯೂ ಕೊನೆಗೆ ಬರುತ್ತದೆ, ಸೀರೆ ಗಂಟು ಹೊತ್ತು ಹಡಗು ಹತ್ತುವ ಕಷ್ಟ ತಪ್ಪುತ್ತದೆ. ವಿದೇಶದ ವಿಮಾನ ನಡುರಾತ್ರಿ ನಗರಕ್ಕೇ ಇಳಿಸಿದರೆ ಅಲ್ಲೇ ಹತ್ತಿರ ಮಲಗಿ ಬೆಳಗ್ಗೆ ದ್ವೀಪಕ್ಕೆ ಹೊರಡಿ. ಅದನ್ನು ನಗರ ನೋಡಿದ ಲೆಕ್ಕಕ್ಕೆ ಹಿಡಿಯಬೇಡಿ.

ಸಮುದ್ರದ ಕೆಳಗೆ ಸ್ಕೂಬಾ ಡೈವ್ ಮಾಡುವ ಆಸೆ ಇದ್ದವರಿಗೆ ಇನ್ನೊಂದು ಲೆಕ್ಕ ಇದೆ. ಡೈವ್ ಮಾಡಿದ ಮೇಲೆ ಕೂಡಲೇ ವಿಮಾನ ಹತ್ತಬಾರದು. ನೀರಿನ ಒತ್ತಡದಲ್ಲಿ ಮೈಯೊಳಗೆ ಸೇರಿದ ಸಾರಜನಕ ಮೇಲೆ ಹಾರಿದಾಗ ಗುಳ್ಳೆಯಾಗುತ್ತದೆ, ಜೀವಕ್ಕೇ ಕುತ್ತು ತರಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಮೇಲಿಂದ ಮೇಲೆ ಮಾಡಿದ್ದರೆ 18 ಗಂಟೆ ಬಿಡಬೇಕು ಅಂತ ಡೈವಿಂಗ್‌ನವರೇ ಹೇಳುತ್ತಾರೆ. ನಾನು 24 ಅನ್ನುತ್ತೇನೆ. ಅಂದರೆ ದ್ವೀಪದ ಕೊನೆಯ ದಿನ ಸುಮ್ನೆ ಮರಳಿನ ಮೇಲೆ ಕೂರಬೇಕು. ಕಷ್ಟದ ಕೆಲಸವೇನಲ್ಲ, ಅಲ್ವಾ?

ಹ್ಯಾವ್‌ಲಾಕ್ ಮತ್ತು ಚೆನ್ನೈ

ಪಾಸ್‌ಪೋರ್ಟ್ ಇಲ್ಲದ ಮನೆಯವರನ್ನೆಲ್ಲ ಕಟ್ಟಿಕೊಂಡು ಹೋಗಬೇಕಾದರೆ ಇದೇ ಜೋಡಿ. ವೀಸಾ ಇಲ್ಲ, ರೂಪಾಯಿ ನಡೆಯುತ್ತದೆ, ಹರಕು ಮುರುಕು ಹಿಂದಿ ಸಾಕು. ಹೆಸರಿನ ಗೊಂದಲ ಮಾತ್ರ ಇದೆ. 2018ರಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ಟಿಕೆಟ್ ಮಾಡುವಾಗ ಎರಡೂ ಹೆಸರು ನೆನಪಿರಲಿ.

ದಾಟುವ ದಿನ ಹೀಗೆ: ಹ್ಯಾವ್‌ಲಾಕ್ ಜೆಟ್ಟಿಯಿಂದ ಖಾಸಗಿ ಹಡಗಿನಲ್ಲಿ ಒಂದೂವರೆಯಿಂದ ಎರಡು ಗಂಟೆ, ಸರ್ಕಾರಿ ಹಡಗಾದರೆ ಇನ್ನೂ ಜಾಸ್ತಿ. ಪೋರ್ಟ್ ಬ್ಲೇರ್‌ನಲ್ಲಿ ಜೆಟ್ಟಿಗೂ ವಿಮಾನ ನಿಲ್ದಾಣಕ್ಕೂ ದೂರ ಇಲ್ಲ, ಕೆಲವೇ ಕಿಲೋಮೀಟರ್. ಅಲ್ಲಿಂದ ಚೆನ್ನೈಗೆ ಎರಡು ಗಂಟೆಗಿಂತ ತುಸು ಹೆಚ್ಚು. ಕೂಡಿಸಿದರೆ ಅರ್ಧ ದಿನದ ಕೆಲಸ. ಆದರೆ ಕೂಡಿಸಬೇಡಿ. ಹಿಂದಿನ ದಿನವೇ ಪೋರ್ಟ್ ಬ್ಲೇರ್‌ಗೆ ಬಂದು ಒಂದು ರಾತ್ರಿ ಉಳಿಯಿರಿ. ಸೆಲ್ಯುಲರ್ ಜೈಲು ನೋಡಿದಂತೆಯೂ ಆಗುತ್ತದೆ. ಹ್ಯಾವ್‌ಲಾಕ್ ಧಾರವಾಡ, ಚೆನ್ನೈ ಹುಬ್ಬಳ್ಳಿ ಅಂತಿಟ್ಟುಕೊಂಡರೆ ಪೋರ್ಟ್ ಬ್ಲೇರ್ ನಡುವಿನ ನವನಗರ ಇದ್ದ ಹಾಗೆ. ನಾವು ಆ ನಿಲ್ದಾಣವನ್ನು ಬಿಟ್ಟುಬಿಟ್ಟೆವು, ಅದೇ ತಪ್ಪು.

ಅಂಡಮಾನ್ ನಮಗಿಂತ ಬಹಳ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರಿನಲ್ಲಿ ಸಂಜೆ 5ಕ್ಕೇ ಸೂರ್ಯ ಮುಳುಗುತ್ತಾನೆ. ಅವ್ವ ಮೊದಲ ದಿನ ಐದೂವರೆಗೆ ದೀಪ ಹಚ್ಚಿ, ಏಳಕ್ಕೆ ಊಟ ಮಾಡಿ, ಎಂಟಕ್ಕೆ ಮಲಗಿದಳು. ಐದು ದಿನದಲ್ಲಿ ಅದೇ ರೂಢಿಯಾಯಿತು. ಚೆನ್ನೈನ ಬಜಾರು ಅದೇ ಎಂಟು ಗಂಟೆಗೆ ಮೈಕೊಡವಿ ಏಳುತ್ತದೆ. ಅವಳು ಕಿವಿ ಮುಚ್ಚಿಕೊಂಡಿದ್ದಕ್ಕೆ ಗದ್ದಲದ ಜೊತೆ ಈ ನಿದ್ದೆಯ ಲೆಕ್ಕವೂ ಸೇರಿತ್ತು ಅಂತ ಆಮೇಲೆ ಹೊಳೆಯಿತು.

ಇನ್ನೊಂದು ಮಾತು. ದಂಡೆಯಲ್ಲಿ ಸಿಕ್ಕ ಹವಳದ ತುಂಡು, ಚಿಪ್ಪು ಬ್ಯಾಗಿಗೆ ಹಾಕಿಕೊಳ್ಳಬೇಡಿ. ಹವಳ ಸತ್ತದ್ದಾದರೂ ಒಯ್ಯುವುದು ಕಾನೂನಿಗೆ ವಿರುದ್ಧ. ನಮ್ಮ ಮುಂದಿದ್ದ ಕುಟುಂಬದ ಮಗು ಒಂದು ಡಬ್ಬಿ ತುಂಬ ಕೂಡಿಸಿಕೊಂಡಿತ್ತು, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಷ್ಟೂ ಸುರಿಸಿಕೊಂಡರು. ಆ ಮಗುವಿನ ಅಳು ಚೆನ್ನೈವರೆಗೂ ಕೇಳುತ್ತಿತ್ತು.

ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಮೇ ಕೊನೆಗೆ ಮಳೆ ಹಿಡಿಯುತ್ತದೆ, ಸಮುದ್ರ ಒರಟಾಗುತ್ತದೆ.

ಲಕ್ಷದ್ವೀಪ ಮತ್ತು ಕೊಚ್ಚಿ

ದಾಟುವ ದಿನವನ್ನಷ್ಟೇ ನೋಡಿ ಅಂಕ ಕೊಡುವುದಾದರೆ ನನ್ನ ಮೊದಲ ನಂಬರು ಇದಕ್ಕೆ. ಕಾರಣ ಕೊಚ್ಚಿ. ಇದು ದೊಡ್ಡ ಊರು, ಗದ್ದಲವೂ ಇದೆ. ಆದರೆ ನೀರು ಬಿಟ್ಟು ಹೋಗುವುದಿಲ್ಲ. ಲಕ್ಷದ್ವೀಪದ ಅಗತ್ತಿ ದ್ವೀಪದಿಂದ ಸಣ್ಣ ವಿಮಾನದಲ್ಲಿ ಒಂದೂವರೆ ಗಂಟೆಯ ಹಾದಿ. ಇಳಿದ ಮೇಲೆ ಕೊಚ್ಚಿ ವಿಮಾನ ನಿಲ್ದಾಣ ಇರುವ ನೆಡುಂಬಾಶ್ಶೇರಿಯಿಂದ ಟ್ಯಾಕ್ಸಿ ಹಿಡಿದು ಫೋರ್ಟ್ ಕೊಚ್ಚಿಗೆ ಹೋದರೆ ಅಲ್ಲಿ ಮತ್ತೆ ಹಿನ್ನೀರು, ಚೀನೀ ಬಲೆ, ಹಳೇ ಮಳೆಮರಗಳು. ಮರುದಿನ ಎರ್ನಾಕುಲಂ ಗದ್ದಲ ಬೇಕೆನಿಸಿದರೆ ದೋಣಿಯಲ್ಲೇ ಹೋಗಬಹುದು. 2023ರಿಂದ ವಾಟರ್ ಮೆಟ್ರೊ ಇದೆ. ಬ್ಯಾಟರಿಯ ದೋಣಿ, ಎಸಿ ಇದೆ, ಸಪ್ಪಳ ಇಲ್ಲ. ಸಾಕೆನಿಸಿದರೆ ಅದೇ ದೋಣಿಯಲ್ಲಿ ವಾಪಸ್. ಚಿಗರಿಗೆ ನೀರಿನ ಮೇಲಿನ ತಂಗಿ ಅನ್ನಿ.

ಹಾಗಾದರೆ ಎಲ್ಲರಿಗೂ ಇದನ್ನೇ ಯಾಕೆ ಹೇಳುವುದಿಲ್ಲ? ಹೋಗುವುದೇ ಕಷ್ಟ. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪರ್ಮಿಟ್ ಬೇಕು. ವಿಮಾನದಲ್ಲಿ ಸೀಟು ಕಡಿಮೆ, ಉಳಿಯುವ ಜಾಗವೂ ಕಡಿಮೆ. ಕೊಚ್ಚಿಯಿಂದ ಹಡಗಿನಲ್ಲಿ ಹೋಗುವುದಾದರೆ ಒಂದು ರಾತ್ರಿಯ ಪ್ರಯಾಣ, ಮಳೆಗಾಲದಲ್ಲಿ ಅದರ ಮೇಲೂ ಭರವಸೆ ಇಡುವ ಹಾಗಿಲ್ಲ. ತಿಂಗಳುಗಟ್ಟಲೆ ಮೊದಲೇ ಯೋಜನೆ ಮಾಡುವ ತಾಳ್ಮೆ ಇದ್ದವರಿಗೆ ಮಾತ್ರ. ಗದಗಿನ ನನ್ನ ಗೆಳೆಯನೊಬ್ಬ ಎರಡು ಸಲ ಪ್ರಯತ್ನ ಬಿಟ್ಟು ಮೂರನೇ ಸಲಕ್ಕೆ ಹೋಗಿ ಬಂದ.

ಬರುವ ದಾರಿ ಮಾತ್ರ ಭಾರೀ ಚೆಂದ. ಎರ್ನಾಕುಲಂನಿಂದ ಕೊಂಕಣ ರೈಲು ಹಿಡಿದು ಕಾರವಾರಕ್ಕೋ ಅಂಕೋಲೆಗೋ ಬಂದು, ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹುಬ್ಬಳ್ಳಿ ಸೇರಬಹುದು. ಕಡಲು, ಕಾಡು, ಆಮೇಲೆ ನಮ್ಮ ಕರಿ ನೆಲ.

ಸಮುಯಿ ಮತ್ತು ಬ್ಯಾಂಕಾಕ್: ಒಂದೇ ಜೋಡಿ, ಮೂರು ದಾರಿ

ಇಲ್ಲಿ ಆಯ್ಕೆ ಶುರುವಾಗುವುದೇ ದಾರಿಯಿಂದ.

ಒಂದು, ನೇರ ವಿಮಾನ. ಸಮುಯಿಯ ವಿಮಾನ ನಿಲ್ದಾಣ 1989ರಲ್ಲಿ ಶುರುವಾದದ್ದು, ಕಟ್ಟಿಸಿ ನಡೆಸುತ್ತಿರುವುದು ಬ್ಯಾಂಕಾಕ್ ಏರ್‌ವೇಸ್. ಗೋಡೆಗಳೇ ಇಲ್ಲದ, ಹುಲ್ಲು ಹೊದಿಸಿದ ಮಾಡಿನ ಜಾಗ. ವಿಮಾನದ ತನಕ ಜಾತ್ರೆಯ ಆಟದ ರೈಲಿನಂಥ ಗಾಡಿಯಲ್ಲಿ ಬಿಡುತ್ತಾರೆ. ತೋಟದ ಮನೆಯಿಂದ ಹೊರಟ ಹಾಗಿರುತ್ತದೆ. ಗಂಟೆಯ ಮೇಲೆ ಸ್ವಲ್ಪ ಹೊತ್ತಿನಲ್ಲಿ ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣ. ಗಾಜು, ಕಬ್ಬಿಣ, ಸಾವಿರಾರು ಜನ. ದುಡ್ಡು ಜಾಸ್ತಿ, ದಾರಿ ಬಹಳ ಗಿಡ್ಡ. ನನ್ನ ಲೆಕ್ಕದಲ್ಲಿ ಆ ಗಿಡ್ಡತನವೇ ಇದರ ತೊಂದರೆ.

ಎರಡು, ಹಡಗು ಹತ್ತಿ ಆಚೆ ದಡದ ದೊನ್‌ಸಾಕ್ ಬಂದರಿಗೆ ಬಂದು, ಬಸ್ಸಿನಲ್ಲಿ ಸೂರತ್ ಥಾನಿ ವಿಮಾನ ನಿಲ್ದಾಣ, ಅಲ್ಲಿಂದ ಅಗ್ಗದ ವಿಮಾನದಲ್ಲಿ ಬ್ಯಾಂಕಾಕ್. ದುಡ್ಡು ಉಳಿಯುತ್ತದೆ, ಆದರೆ ಇಡೀ ದಿನ ಹತ್ತುವುದು ಇಳಿಯುವುದರಲ್ಲೇ ಹೋಗುತ್ತದೆ. ಮೂರು ಕಡೆ ಬ್ಯಾಗು ಎತ್ತಬೇಕು. ಹದಿಹರೆಯದವರಿಗೆ ಸರಿ. ನನಗೆ ಬೇಡ.

ಮೂರನೆಯದು ನಾನೂ ಹೆಂಡತಿಯೂ ಹಿಡಿದ ದಾರಿ. ಮಧ್ಯಾಹ್ನ ಹಡಗು, ಸಂಜೆ ಬಸ್ಸು, ಸೂರತ್ ಥಾನಿಯಿಂದ ರಾತ್ರಿ ರೈಲು. ರೈಲು ನಿಲ್ದಾಣ ಊರೊಳಗಿಲ್ಲ, ಹತ್ತು ಹನ್ನೆರಡು ಕಿಲೋಮೀಟರ್ ಆಚೆ ಫುನ್‌ಫಿನ್ ಅನ್ನುವ ಕಡೆ ಇದೆ. ಇದು ಗೊತ್ತಿಲ್ಲದೆ ಊರೊಳಗೆ ಇಳಿದವರು ಮತ್ತೆ ಗಾಡಿ ಹುಡುಕಬೇಕು. ಪ್ಲಾಟ್‌ಫಾರ್ಮ್ ಸಣ್ಣದು. ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮ್ ನೋಡಿದ ನಮಗೆ "ಇಷ್ಟೇನಾ?" ಅನ್ನಿಸಿತು. ಬ್ಯಾಗು ಎಳೆಯುವವರ ಕೈಗೆ ಕೇಳಿದರೆ ಅದೇ ಒಳ್ಳೆಯದು.

ಎರಡನೇ ದರ್ಜೆಯ ಸ್ಲೀಪರ್ ನಮ್ಮದರ ಥರ ಅಲ್ಲ. ನಡುವೆ ಓಣಿ, ಎರಡೂ ಬದಿಗೆ ರೈಲಿನ ಉದ್ದಕ್ಕೇ ಬರ್ತು, ಕೆಳಗೊಂದು ಮೇಲೊಂದು. ಮೊದಲು ಎದುರುಬದುರು ಕುರ್ಚಿ ಇರುತ್ತವೆ. ರೈಲಿನವನೊಬ್ಬ ಬಂದು ಕುರ್ಚಿ ಎಳೆದು ಕೂಡಿಸಿ, ಮೇಲಿನ ಮಂಚ ಇಳಿಸಿ, ಬಿಳಿ ಚಾದರ ಹಾಸಿ, ಪರದೆ ನೇತುಹಾಕಿ ಹೋದ. ಎರಡು ನಿಮಿಷವೂ ಹಿಡಿಯಲಿಲ್ಲ. ನನ್ನ ಹೆಂಡತಿ "ರೀ, ಇವನನ್ನ ನಮ್ಮ ಮನಿಗೆ ಕರ್ಕೊಂಡ್ ಹೋಗೂಣೇನ್ರಿ?" ಅಂದಳು. ಕೆಳಗಿನ ಬರ್ತು ಅಗಲ, ಕಿಟಕಿಯೂ ಅದಕ್ಕೇ ಇದೆ. ಎಸಿ ಮಾತ್ರ ನಡುಕ ಬರಿಸುತ್ತದೆ, ಶಾಲು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಬೆಳಗಿನ ಜಾವ ಎಚ್ಚರವಾದಾಗ ಕಿಟಕಿಯಾಚೆ ಗದ್ದೆ. ಆಮೇಲೆ ತೋಟ. ಆಮೇಲೆ ಹಳಿಯ ಪಕ್ಕದ ಮನೆಗಳ ಹಿತ್ತಿಲು, ತಂತಿಯ ಮೇಲೆ ಒಣಹಾಕಿದ ಅಂಗಿ, ಹಲ್ಲುಜ್ಜುತ್ತ ನಿಂತ ಮುದುಕ. ಆಮೇಲೆ ಒಂದು ಫ್ಲೈಓವರು, ಎರಡು ಫ್ಲೈಓವರು. ಚಹಾ ಮುಗಿಯುವ ಹೊತ್ತಿಗೆ ಬ್ಯಾಂಕಾಕ್ ಪೂರ್ತಿ ಎದ್ದಿತ್ತು, ನಾವೂ ಎದ್ದಿದ್ದೆವು. ಸುಮಾರು 650 ಕಿಲೋಮೀಟರ್ ದಾರಿ, ಇಡೀ ರಾತ್ರಿ ಬೇಕು. ಕಿವಿ ಮುಚ್ಚಿಕೊಳ್ಳುವ ಪ್ರಸಂಗ ಬರಲಿಲ್ಲ.

ಇಳಿಯುವುದು ಕ್ರುಂಗ್ ಥೆಪ್ ಅಫಿವತ್ ಅನ್ನುವ ಹೊಸ ನಿಲ್ದಾಣದಲ್ಲಿ. 2023ರ ಜನವರಿಯಿಂದ ದೂರದ ರೈಲುಗಳು ಹಳೆಯ ಹುವಾ ಲಂಫೊಂಗ್ ಬಿಟ್ಟು ಇಲ್ಲಿಗೆ ಬರುತ್ತವೆ. ಕೆಳಗೇ ಬಾಂಗ್ ಸ್ಯೂ ಮೆಟ್ರೊ. ಟುಕ್‌ಟುಕ್‌ನವರ ಜೊತೆ ಚೌಕಾಸಿ ಮಾಡದೇ ಊರೊಳಗೆ ಹೋಗಬಹುದು.

ಶಾಕಾಹಾರಿಗಳಿಗೆ ಒಂದು ಕಿವಿಮಾತು. ಥಾಯ್ ಅಡುಗೆಯಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. "ವೆಜಿಟೇರಿಯನ್" ಅಂದರೆ ಎಷ್ಟೋ ಕಡೆ ಅರ್ಥವಾಗುವುದಿಲ್ಲ. "ಜೇ" ಅನ್ನಿ. ಹಳದಿ ಪಟ್ಟಿಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತಾರೆ. ಅದರಲ್ಲಿ ಮಾಂಸ, ಮೀನು, ಮೊಟ್ಟೆ ಅಷ್ಟೇ ಅಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿಯೂ ಇರುವುದಿಲ್ಲ. ದ್ವೀಪದಲ್ಲಿ ಇದು ಕಡಿಮೆ, ಬ್ಯಾಂಕಾಕಿನಲ್ಲಿ ಬೇಕಾದಷ್ಟು. ಫಾಹುರಾತ್ ಕಡೆ ಹೋದರೆ ಗುರುದ್ವಾರದ ಸುತ್ತ ನಮ್ಮವರ ಬಟ್ಟೆ ಅಂಗಡಿ, ನಮ್ಮ ಊಟ. ನಾಲ್ಕು ದಿನ ಖಡಕ್ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಕಳೆದ ನಾವು ಅಲ್ಲಿ ದಾಲ್ ಕಂಡಾಗ ಇಬ್ಬರೂ ಮಾತಾಡಲಿಲ್ಲ.

ಕಾಲ ನೋಡಿಕೊಳ್ಳಿ. ದೀಪಾವಳಿ ರಜೆಗೆ ಸಮುಯಿ ಬೇಡವೇ ಬೇಡ. ಅಕ್ಟೋಬರಿನಿಂದ ಡಿಸೆಂಬರ್ ಅಲ್ಲಿ ಜೋರು ಮಳೆ, ನವೆಂಬರಿನಲ್ಲಂತೂ ವಿಪರೀತ. ಅದೇ ದೇಶದ ಇನ್ನೊಂದು ಬದಿಯ ಫುಕೆಟ್, ಕ್ರಾಬಿಗಳಿಗೆ ಮಳೆ ಮೇಯಿಂದ ಅಕ್ಟೋಬರ್. ಎರಡನ್ನೂ ಒಂದೇ ಅಂದುಕೊಂಡು ಟಿಕೆಟ್ ಮಾಡಿ ಕೈ ಸುಟ್ಟುಕೊಂಡವರು ನಮ್ಮ ಅಂಗಡಿಯಲ್ಲೇ ಇದ್ದಾರೆ.

ಲಂಕಾವಿ ಮತ್ತು ಕ್ವಾಲಾಲಂಪುರ

ಮಲೇಷ್ಯಾದ ಈ ಜೋಡಿಯಲ್ಲಿ ಸಾಹಸ ಏನೂ ಇಲ್ಲ, ಅದೇ ಇದರ ಗುಣ. ಲಂಕಾವಿಯಲ್ಲೇ ವಿಮಾನ ನಿಲ್ದಾಣ ಇದೆ, ಹಡಗು ಹತ್ತಲೇಬೇಕೆಂದಿಲ್ಲ. ಗಂಟೆಯ ಹಾರಾಟ. ಕ್ವಾಲಾಲಂಪುರ ವಿಮಾನ ನಿಲ್ದಾಣ ಕೆಎಲ್‌ಐಎಯಲ್ಲಿ ಇಳಿದು ಕೆಎಲ್‌ಐಎ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಅರ್ಧ ಗಂಟೆಯಲ್ಲಿ ಊರೊಳಗಿನ ಕೆಎಲ್ ಸೆಂಟ್ರಲ್ ರೈಲು ನಿಲ್ದಾಣ. ಆ ನಿಲ್ದಾಣದ ಪಕ್ಕದಲ್ಲೇ ಬ್ರಿಕ್‌ಫೀಲ್ಡ್ಸ್, ಅಲ್ಲಿಯ ಲಿಟಲ್ ಇಂಡಿಯಾ. ಬಾಳೆ ಎಲೆ ಊಟ, ಮಲ್ಲಿಗೆ ಮಾಲೆ, ತಮಿಳು ಹಾಡು. ವಿದೇಶಕ್ಕೆ ಬಂದು ತಮಿಳುನಾಡಿಗೆ ಇಳಿದ ಹಾಗಿತ್ತು ಅಂತ ಹೋಗಿ ಬಂದ ನನ್ನ ಕಾಕಾ ಹೇಳಿದರು. ಅರವತ್ತು ದಾಟಿದ ಅವರು ಒಬ್ಬರೇ ಮೆಟ್ರೊ ಹತ್ತಿ ಪೆಟ್ರೋನಾಸ್ ಗೋಪುರ ನೋಡಿ ಬಂದರು. ಬಾತು ಗುಹೆಯ 272 ಮೆಟ್ಟಿಲನ್ನೂ ಹತ್ತಿದರು, ಆಮೇಲೆ ಎರಡು ದಿನ ಮೊಣಕಾಲು ಹಿಡಿದುಕೊಂಡು ಕೂತರು.

ಹ್ಯಾವ್‌ಲಾಕಿನ ಸೂರ್ಯನ ಕಥೆ ಇಲ್ಲಿ ತಿರುವುಮುರುವು. ಮಲೇಷ್ಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಲಂಕಾವಿ ಆ ದೇಶದ ಪಶ್ಚಿಮದ ಅಂಚು. ಹಾಗಾಗಿ ಸಂಜೆ 7 ದಾಟಿದರೂ ಬೆಳಕಿರುತ್ತದೆ. ರಾತ್ರಿ ತಡವಾಗಿ ಮಲಗಿ ತಡವಾಗಿ ಏಳುವುದು ತಾನಾಗಿಯೇ ರೂಢಿಯಾಗುತ್ತದೆ. ನಗರಕ್ಕೆ ಬಂದಾಗ ನಿದ್ದೆ ಜಗಳ ತೆಗೆಯುವುದಿಲ್ಲ. ಹೊಸ ಮದುಮಕ್ಕಳಿಗೂ ಅನುಕೂಲ, ಇದನ್ನು ಅಕ್ಕನ ಮಗಳಿಗೆ ಹೇಳಲಿಲ್ಲ.

ಲಂಕಾವಿಯಲ್ಲಿ ಡಿಸೆಂಬರಿನಿಂದ ಮಾರ್ಚ್ ಒಣ ಕಾಲ. ಮಲೇಷ್ಯಾಕ್ಕೂ ಥಾಯ್ಲೆಂಡಿಗೂ ಅಲ್ಲಿ ಇಳಿಯುವ ದಿನಕ್ಕಿಂತ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಆಗಮನದ ಕಾರ್ಡ್ ತುಂಬಬೇಕು. ವೀಸಾದ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವ ದಿನವೇ ಆಯಾ ದೇಶದ ಸರ್ಕಾರಿ ಜಾಲತಾಣ ನೋಡಿ.

ಮಾಲ್ಡೀವ್ಸ್ ಮತ್ತು ಕೊಲಂಬೊ

ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮೌನ ಬೇಕಿದ್ದರೆ ಇದಕ್ಕಿಂತ ದೊಡ್ಡ ಮೌನ ಇನ್ನೆಲ್ಲೂ ಸಿಗದು, ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ದುಡ್ಡೂ ಅಷ್ಟೇ ದೊಡ್ಡದು. ಒಂದು ಎಚ್ಚರಿಕೆ: ದೂರದ ರೆಸಾರ್ಟುಗಳಿಗೆ ಸಮುದ್ರ ವಿಮಾನವೇ ಗತಿ, ಅದು ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತದೆ. ಕೊಲಂಬೊ ವಿಮಾನ ಬೆಳಗಿನ ಜಾವ ಇದ್ದರೆ ಹಿಂದಿನ ಸಂಜೆಯೇ ದ್ವೀಪ ಬಿಡಬೇಕು, ಅಂದರೆ ದುಬಾರಿ ರೂಮಿನ ಒಂದು ರಾತ್ರಿ ಹೋಯಿತು. ಸ್ಪೀಡ್‌ಬೋಟಿನಲ್ಲಿ ಮುಟ್ಟುವ ಹತ್ತಿರದ ದ್ವೀಪ ಆರಿಸಿದರೆ ಈ ತಲೆನೋವಿಲ್ಲ.

ಪ್ರತಿ ಹುಬ್ಬಳ್ಳಿಗೂ ಒಂದು ಧಾರವಾಡ

ಜೋಡಿ ಯಾವುದೇ ಇರಲಿ, ನಗರದಲ್ಲಿ ಎಲ್ಲಿ ಉಳಿಯುತ್ತೀರಿ ಅನ್ನುವುದರ ಮೇಲೆ ಅರ್ಧ ಸುಖ ನಿಂತಿದೆ. ನಟ್ಟನಡುವೆ ಉಳಿದರೆ ಎಲ್ಲಾ ಹತ್ತಿರ ಅಂತ ಟ್ರಾವೆಲ್ಸ್‌ನವರು ಹೇಳುತ್ತಾರೆ. ಗದ್ದಲವೂ ಹತ್ತಿರ ಅಂತ ಹೇಳುವುದಿಲ್ಲ. ಧಾರವಾಡದಲ್ಲಿ ಮಲಗಿ ಹುಬ್ಬಳ್ಳಿಯಲ್ಲಿ ಓಡಾಡುವ ನಮ್ಮ ಪದ್ಧತಿಯೇ ಸರಿ.

ಚೆನ್ನೈನಲ್ಲಿ ಅಂಥ ಧಾರವಾಡ ಬೆಸೆಂಟ್ ನಗರ. ಸಂಜೆ ನಡೆದು ಹೋದರೆ ಅದೇ ಬಂಗಾಳ ಕೊಲ್ಲಿ. ಅವ್ವನನ್ನು ಎರಡನೇ ರಾತ್ರಿ ಅಲ್ಲಿಗೇ ಕರೆದೊಯ್ದೆ. ಮೂರನೇ ದಿನ ತಾನೇ "ಸೀರಿ ನೋಡೂಣ ನಡಿ" ಅಂದಳು. ಕೊಚ್ಚಿಗೆ ಫೋರ್ಟ್ ಕೊಚ್ಚಿ ಅಂತ ಆಗಲೇ ಹೇಳಿದೆ. ಬ್ಯಾಂಕಾಕಿನಲ್ಲಿ ನಾವು ಇದ್ದದ್ದು ಆರಿ ಅನ್ನುವ ಬಡಾವಣೆ, ಗಿಡಮರದ ಗಲ್ಲಿಗಳು, ಹತ್ತಿರವೇ ಸ್ಕೈಟ್ರೇನ್. ನದಿಯಾಚೆಯ ಥೊನ್‌ಬುರಿ ಕೂಡ ಒಳ್ಳೆಯದು. ಕೊಲಂಬೊ ಬದಲು ನೆಗೊಂಬೊದಲ್ಲಿ ಮೊದಲ ರಾತ್ರಿ ಕಳೆಯಿರಿ, ವಿಮಾನ ನಿಲ್ದಾಣಕ್ಕೂ ಅದೇ ಹತ್ತಿರ. ಬ್ರಿಕ್‌ಫೀಲ್ಡ್ಸ್ ಮಾತ್ರ ಧಾರವಾಡ ಅಲ್ಲ, ಸ್ವಲ್ಪ ಗಲಾಟೆಯೇ. ಆದರೆ ರೈಲು, ಊಟ ಎರಡೂ ಕಾಲಬುಡದಲ್ಲಿ ಇರುವಾಗ ನಾನು ಅದಕ್ಕೆ ಮಾಫಿ ಕೊಡುತ್ತೇನೆ.

ದಾಟುವ ದಿನಕ್ಕೆ ಕೈಚೀಲ ಬೇರೆಯೇ ಕಟ್ಟಿ. ಒಂದು ಜೊತೆ ಒಣಬಟ್ಟೆ, ವಾಂತಿ ಮಾತ್ರೆ, ಆ ದೇಶದ ಚಿಲ್ಲರೆ ನೋಟು, ರೂಮಿನ ವಿಳಾಸ ಬರೆದ ಚೀಟಿ. ಹಸಿ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೇಲೇ ಇಡಿ, ನಗರ ಮುಟ್ಟಿದ ಕೂಡಲೇ ಲಾಂಡ್ರಿಗೆ ಹಾಕಿ. ಅವತ್ತು ಸಂಜೆಗೆ ಏನನ್ನೂ ಬುಕ್ ಮಾಡಬೇಡಿ. ಒಂದು ಊಟ, ಒಂದು ಸಣ್ಣ ನಡಿಗೆ, ನಿದ್ದೆ.

ಬರುವಾಗಿನ ಮಾತು. ಬ್ಯಾಂಕಾಕ್, ಕ್ವಾಲಾಲಂಪುರದಿಂದ ಬರುವ ವಿಮಾನ ಬೆಂಗಳೂರಿಗೆ ರಾತ್ರಿ ಇಳಿಸಿತು ಅನ್ನಿ, ಅಲ್ಲಿಂದ ನಮ್ಮೂರಿಗೆ ಇನ್ನೂ 400 ಕಿಲೋಮೀಟರಿನ ಮೇಲೆ ಇದೆ. ಅದೇ ರಾತ್ರಿ ಬಸ್ಸು ಹುಡುಕಿ ಮೆಜೆಸ್ಟಿಕ್ಕಿಗೆ ಓಡುವುದಕ್ಕಿಂತ ವಿಮಾನ ನಿಲ್ದಾಣದಲ್ಲೇ ಚಹಾ ಕುಡಿದು, ಬೆಳಗಿನ ವಂದೇ ಭಾರತ್ ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮನೆ.

ಹಾಗಾದರೆ ಯಾರಿಗೆ ಯಾವುದು

ಮನೆಮಂದಿಯೆಲ್ಲ ಹೊರಟಿದ್ದರೆ ಹ್ಯಾವ್‌ಲಾಕ್, ನಡುವೆ ಪೋರ್ಟ್ ಬ್ಲೇರ್ ರಾತ್ರಿ ಕಡ್ಡಾಯ. ತಾಳ್ಮೆ ಇದ್ದವರಿಗೆ ಲಕ್ಷದ್ವೀಪ. ದಾರಿಯೇ ಪ್ರವಾಸ ಅನ್ನುವವರು, ಚೀಲ ಹೊರುವ ಶಕ್ತಿ ಇದ್ದವರು ಸಮುಯಿಯಿಂದ ರಾತ್ರಿ ರೈಲು ಹಿಡಿಯಿರಿ. ನನಗೆ ಇನ್ನೊಂದು ಸಲ ಚೀಟಿ ಬಂದರೆ ಅದೇ. ಮೊದಲ ಸಲ ವಿದೇಶ, ಶಾಕಾಹಾರ, ಗಡಿಬಿಡಿ ಬೇಡ ಅನ್ನುವವರಿಗೆ ಲಂಕಾವಿ.

ಮೊನ್ನೆ ಅಕ್ಕನ ಮಗಳು ಮತ್ತೆ ಫೋನ್ ಮಾಡಿದಳು. ಲಂಕಾವಿ ನಾಲ್ಕು ರಾತ್ರಿ, ಬ್ರಿಕ್‌ಫೀಲ್ಡ್ಸ್ ಮೂರು, ಮಾರ್ಚ್ ಮೊದಲ ವಾರ. ರೂಮಿನ ಫೋಟೊ ಕಳಿಸಿದ್ದಳು, ನನಗೆ ಚೆನ್ನಾಗಿಯೇ ಕಂಡಿತು. "ಅಜ್ಜಿಗೂ ತೋರ್ಸು ಮಾಮಾ" ಅಂದಳು. ಅವ್ವ ಚಷ್ಮಾ ಹಾಕಿಕೊಂಡು ಫೋಟೊ ನೋಡಿದಳು. ಮಂಚ, ಟಿವಿ, ಕಿಟಕಿ ಎಲ್ಲಾ ನೋಡಿ ಫೋನು ಕೈಗೆ ತೆಗೆದುಕೊಂಡು ಮೊಮ್ಮಗಳಿಗೆ ಕೇಳಿದ್ದು ಒಂದೇ ಮಾತು: "ಈ ಖೋಲಿ ರಸ್ತೀ ಕಡಿಗೆ ಐತೇನ್, ಹಿಂದ್ಗಡೆ ಐತೇನ್? ಮೊದ್ಲ ಅದನ್ನ ಕೇಳ್ಕೋ."